ಬಯಾಪ್ಸಿ ಚೂರನ್ನು ಕಂಪ್ಯೂಟರ್ ನೋಡಿದರೆ: ಕಾರವಾರ, ಅಂಕೋಲೆಯ ಪತ್ರಗಳಿಗೆ ಉತ್ತರ

ಬಯಾಪ್ಸಿ ವರದಿಯನ್ನು ಓದಿಕೊಳ್ಳುವುದು ಹೇಗೆ ಎಂದು ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾರವಾರ, ಅಂಕೋಲೆ ಕಡೆಯವು. ಕೇಳಿದ್ದು ಬೇರೆ ಬೇರೆಯಾದರೂ ಎಲ್ಲರ ಮನಸ್ಸಿನಲ್ಲಿದ್ದುದು ಒಂದೇ: ಕಂಪ್ಯೂಟರ್ ಈಗ ಕ್ಯಾನ್ಸರ್ ಗುರುತಿಸುತ್ತದಂತೆ, ಅದು ನಮ್ಮ ಊರಿಗೆ ಯಾವಾಗ ಬರುತ್ತದೆ, ಬಂದರೆ ನಂಬಬಹುದೇ? ಹೆಸರು ಹಾಕಬೇಡಿ ಎಂದವರು ಬಹಳ ಮಂದಿ ಇದ್ದುದರಿಂದ ಎಲ್ಲ ಪತ್ರಗಳಿಗೂ ಊರಿನ ಹೆಸರಷ್ಟೇ ಉಳಿಸಿದ್ದೇನೆ.

ಅಮ್ಮನ ಎದೆಯಲ್ಲಿ ಗಂಟು ಕಾಣಿಸಿತು. ತುಂಡು ತೆಗೆದು ಹೊರಗಿನ ಊರಿಗೆ ಕಳಿಸಿದರು. ವರದಿ ಬರಲು ಹತ್ತಿರ ಹತ್ತಿರ ಎರಡು ವಾರ ಹಿಡಿಯಿತು. ಆಮೇಲೆ ಇನ್ನೊಂದು ಸ್ಪೆಷಲ್ ಸ್ಟೇನ್ ಆಗಬೇಕು ಎಂದರು, ಮತ್ತೆ ಕಾದೆವು. ಕಂಪ್ಯೂಟರ್ ಒಂದೇ ನಿಮಿಷದಲ್ಲಿ ಹೇಳುತ್ತದೆ ಎಂದು ಎಲ್ಲ ಕಡೆ ಓದುತ್ತೇವೆ. ಹಾಗಿದ್ದರೆ ನಮ್ಮನ್ನು ಯಾಕೆ ಇಷ್ಟು ದಿನ ಕಾಯಿಸುತ್ತಾರೆ?
— ಅವರ್ಸಾ, ಅಂಕೋಲಾ ತಾಲ್ಲೂಕು

ನಿಮ್ಮ ಮನೆಯವರೆಲ್ಲ ಆ ಎರಡು ವಾರ ಹೇಗೆ ಕಳೆದಿರಿ ಎಂದು ನನಗೆ ಗೊತ್ತು. ಪ್ರಯೋಗಾಲಯದ ಒಳಗೆ ಕೂತು ಸ್ಲೈಡ್ ಓದುವ ಪೆಥಾಲಜಿಸ್ಟರಾದ ನಮಗೆ ಹೊರಗೆ ಕಾಯುತ್ತಿರುವವರ ಮುಖ ಕಾಣುವುದಿಲ್ಲ. ಅದಕ್ಕೇ ಆ ದಿನಗಳು ಎಲ್ಲಿ ಹೋದವು ಎಂಬುದನ್ನು ಬಿಡಿಸಿ ಹೇಳುತ್ತೇನೆ.

ತೆಗೆದ ಚೂರು ಮೊದಲು ಫಾರ್ಮಲಿನ್ ಬಾಟಲಿಗೆ ಬೀಳಬೇಕು. ಮೀನು ಬಲೆಯಿಂದ ಬಂದ ಕೂಡಲೇ ಐಸ್ ಕಾಣದಿದ್ದರೆ ಏನಾಗುತ್ತದೆಂದು ಅವರ್ಸಾದವರಿಗೆ ನಾನು ಹೇಳಬೇಕಿಲ್ಲ; ದೇಹದಿಂದ ಬೇರೆಯಾದ ಅಂಗಾಂಶದ ಪಾಡೂ ಅದೇ. ಫಾರ್ಮಲಿನ್ ಒಳಕ್ಕೆ ಇಳಿಯುವುದು ನಿಧಾನ, ಗಂಟೆಗೆ ಹೆಚ್ಚೆಂದರೆ ಒಂದು ಮಿಲಿಮೀಟರ್ ಲೆಕ್ಕ. ಸ್ತನದ ಚೂರಾದರೆ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಅದರಲ್ಲಿರಬೇಕು ಎಂಬ ನಿಯಮವಿದೆ. ಅದಾದ ಮೇಲೆ ಚೂರನ್ನು ಸಣ್ಣ ಪ್ಲಾಸ್ಟಿಕ್ ಕ್ಯಾಸೆಟ್‌ನಲ್ಲಿಟ್ಟು ರಾತ್ರಿಯಿಡೀ ಆಲ್ಕೋಹಾಲ್, ಜೈಲೀನ್, ಕಾದ ಮೇಣಗಳಲ್ಲಿ ಸರದಿಯಂತೆ ಮುಳುಗಿಸುತ್ತಾರೆ. ನೀರು ಹೋಗಿ ಆ ಜಾಗಕ್ಕೆ ಮೇಣ ಬರುತ್ತದೆ. ಹೀಗೆ ಆದ ಮೇಣದ ಅಚ್ಚೇ ಬ್ಲಾಕ್. ಬೆಳಿಗ್ಗೆ ತಂತ್ರಜ್ಞರು ಅದನ್ನು ಮೈಕ್ರೋಟೋಮ್ ಯಂತ್ರಕ್ಕೆ ಕಚ್ಚಿಸಿ 3–4 ಮೈಕ್ರಾನ್ ದಪ್ಪದ ಪದರ ಕೊಯ್ಯುತ್ತಾರೆ. ಒಂದಕ್ಕೊಂದು ಅಂಟಿದ ರಿಬ್ಬನ್ನಿನಂತೆ ಬರುವ ಆ ಪದರಗಳನ್ನು ಉಗುರುಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಡಿಸಿ, ಗಾಜಿನ ಪಟ್ಟಿಯನ್ನು ಓರೆಯಾಗಿ ನೀರಿಗಿಳಿಸಿ ಎತ್ತಿಕೊಳ್ಳಬೇಕು. ಉಸಿರು ಬಿಗಿಹಿಡಿದು ಮಾಡುವ ಕೆಲಸ ಅದು. ಜೋರಾಗಿ ಉಸಿರು ಬಿಟ್ಟರೂ ಪದರ ಮಡಚಿಕೊಳ್ಳುತ್ತದೆ. ಆಮೇಲೆ ಹಿಮಟಾಕ್ಸಿಲಿನ್, ಇಯೋಸಿನ್ ಎಂಬ ಎರಡು ಬಣ್ಣ. ಕೋಶಗಳ ಒಳಗಿನ ನ್ಯೂಕ್ಲಿಯಸ್ ನೀಲಿಯಾಗುತ್ತದೆ, ಉಳಿದದ್ದು ಗುಲಾಬಿ. ಆಗ ಸ್ಲೈಡ್ ತಯಾರು.

ನೀವು ಓದಿದ "ಒಂದು ನಿಮಿಷ" ಶುರುವಾಗುವುದು ಇಲ್ಲಿಂದ ಮುಂದೆ. ಇದಕ್ಕಿಂತ ಹಿಂದಿನ ಯಾವ ಹಂತವನ್ನೂ ಕಂಪ್ಯೂಟರ್ ಚಿಕ್ಕದು ಮಾಡುವುದಿಲ್ಲ. ಅಮ್ಮನ ವರದಿಯಲ್ಲಿ ಹೇಳಿದ ಸ್ಪೆಷಲ್ ಸ್ಟೇನ್ ಎಂದರೆ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಗ್ರಾಹಕಗಳು ಮತ್ತು ಹರ್–2 ಪರೀಕ್ಷೆ. ಯಾವ ಔಷಧ ಕೊಡಬೇಕು ಎಂಬುದು ಅದರ ಮೇಲೆ ನಿಂತಿದೆ, ಆದ್ದರಿಂದ ಎರಡನೇ ಸಲ ಕಾದದ್ದು ವ್ಯರ್ಥವಾಗಲಿಲ್ಲ.

ಇನ್ನು ದಾರಿಯಲ್ಲಿ ಕಳೆದ ದಿನಗಳು. ಚೂರು ಅಂಕೋಲೆ ಬಸ್ ಸ್ಟ್ಯಾಂಡಿನಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಬೇಕು, ಇಲ್ಲವೇ ಹೆದ್ದಾರಿ ಹಿಡಿದು ಮಣಿಪಾಲಕ್ಕೋ ಮಂಗಳೂರಿಗೋ ಇಳಿಯಬೇಕು, ಅಥವಾ ಗಡಿ ದಾಟಿ ಗೋವಾಕ್ಕೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಹಲವು ದಿನ ಬಂದಾದಾಗ ರೋಗಿಗಳ ಜೊತೆಗೆ ಬಾಟಲಿಗಳೂ ಇತ್ತಲೇ ಉಳಿಯುವ ಸ್ಥಿತಿ ಇತ್ತು. ಈ ದಾರಿಯ ಕಾಲವನ್ನು ಕಂಪ್ಯೂಟರ್ ನಿಜವಾಗಿಯೂ ಉಳಿಸಬಲ್ಲದು. ಹೇಗೆಂದು ಮುಂದಿನ ಪತ್ರಗಳಲ್ಲಿ ಬರುತ್ತದೆ.

ಒಂದು ಮಾತು ಬರೆದಿಟ್ಟುಕೊಳ್ಳಿ. ಮನೆಯವರ ಕೈಗೆ ಬಾಟಲಿ ಕೊಟ್ಟು "ತಲುಪಿಸಿ" ಎಂದಾಗ ಅದರಲ್ಲಿರುವುದು ಫಾರ್ಮಲಿನ್ ಹೌದೇ ಎಂದು ಕೇಳಿ. ಸಲೈನ್ ನೀರಿನಲ್ಲಿ ಹಾಕಿ ಬೇಸಿಗೆಯ ಬಸ್ಸಿನಲ್ಲಿ ಕಳಿಸಿದ ಚೂರುಗಳು ನನ್ನ ಮೇಜಿಗೆ ಬಂದಿವೆ. ಅಂಥದ್ದನ್ನು ನಾನೂ ಓದಲಾರೆ, ಜಗತ್ತಿನ ಯಾವ ಕಂಪ್ಯೂಟರೂ ಓದಲಾರದು. ಚೂರಿನ ಕನಿಷ್ಠ ಹತ್ತು ಪಟ್ಟು ದ್ರವ ಇರಬೇಕು, ಬಾಟಲಿಯ ಬಾಯಿ ಅಗಲವಾಗಿರಬೇಕು, ಹೆಸರಿನ ಚೀಟಿ ಮುಚ್ಚಳದ ಮೇಲಲ್ಲದೆ ಬಾಟಲಿಯ ಮೈಗೆ ಅಂಟಿರಬೇಕು.

ನಾನು ನಿವೃತ್ತ ವಿಜ್ಞಾನ ಶಿಕ್ಷಕ. ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಸಿಪ್ಪೆ ತೋರಿಸಿ ಮಕ್ಕಳಿಗೆ ಪಾಠ ಮಾಡಿದವನು. ಕಂಪ್ಯೂಟರ್ ಸ್ಲೈಡಿನಲ್ಲಿ ನಿಜಕ್ಕೂ ನೋಡುವುದು ಏನನ್ನು?
— ಕೋಡಿಬಾಗ, ಕಾರವಾರ

ಇಷ್ಟು ನೇರವಾಗಿ ಯಾರಾದರೂ ಕೇಳಿದರೆ ಸಂತೋಷವಾಗುತ್ತದೆ ಸರ್.

ಕಂಪ್ಯೂಟರಿಗೆ ಸಿಗುವುದು ಸಂಖ್ಯೆಗಳು ಮಾತ್ರ. ಸ್ಕ್ಯಾನರ್ ಎಂಬ ಯಂತ್ರ ಇಡೀ ಸ್ಲೈಡನ್ನು ಪಟ್ಟಿ ಪಟ್ಟಿಯಾಗಿ ಚಿತ್ರ ತೆಗೆದು ಜೋಡಿಸುತ್ತದೆ. 40 ಪಟ್ಟಿನ ಮಸೂರದಲ್ಲಿ ಒಂದು ಚುಕ್ಕೆಯ ಅಗಲ ಸುಮಾರು ಕಾಲು ಮೈಕ್ರಾನ್. ಒಂದೂವರೆ ಸೆಂಟಿಮೀಟರ್ ಉದ್ದಗಲದ ಚೂರಿಗೆ ಲೆಕ್ಕ ಹಾಕಿ: ಅಡ್ಡಕ್ಕೆ 60,000 ಚುಕ್ಕೆ, ಉದ್ದಕ್ಕೆ 60,000 ಚುಕ್ಕೆ, ಒಟ್ಟು 360 ಕೋಟಿ. ಇಷ್ಟು ದೊಡ್ಡ ಚಿತ್ರ ಒಂದೇ ಸಲಕ್ಕೆ ಕಂಪ್ಯೂಟರಿನ ನೆನಪಿಗೆ ಹಿಡಿಸುವುದಿಲ್ಲ. 256 ಚುಕ್ಕೆ ಅಗಲದ ಚೌಕಗಳಾಗಿ ಕತ್ತರಿಸಿದರೆ ಒಂದೇ ಸ್ಲೈಡಿನಿಂದ ಐವತ್ತು ಸಾವಿರಕ್ಕೂ ಹೆಚ್ಚು ಚೌಕ. ಒಂದೊಂದನ್ನೂ ಬೇರೆಯಾಗಿ ಅಳೆದು, ಕೊನೆಗೆ ಎಲ್ಲವನ್ನೂ ಕೂಡಿಸಿ ತೀರ್ಮಾನಕ್ಕೆ ಬರುತ್ತದೆ.

ಮೊದಮೊದಲು ಏನನ್ನು ಅಳೆಯಬೇಕೆಂದು ಮನುಷ್ಯರೇ ಹೇಳಿಕೊಡುತ್ತಿದ್ದರು. ನ್ಯೂಕ್ಲಿಯಸ್ ಎಷ್ಟು ದೊಡ್ಡದು, ಅಂಚು ಎಷ್ಟು ಒರಟು, ಒಂದಕ್ಕೂ ಇನ್ನೊಂದಕ್ಕೂ ಎಷ್ಟು ದೂರ, ನೀಲಿ ಎಷ್ಟು ಗಾಢ. ನಾವು ವೈದ್ಯರು ಕಣ್ಣಂದಾಜಿನಲ್ಲಿ ಮಾಡುವುದನ್ನೇ ಅಳತೆಗೋಲಿಗೆ ತರುವ ಕೆಲಸ ಅದು. ಈ ದಾರಿಯಲ್ಲಿ ನಡೆದ ಒಂದು ಕೆಲಸ ನನಗೆ ಇವತ್ತಿಗೂ ಅಚ್ಚರಿ. 2011ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಂಡ್ರ್ಯೂ ಬೆಕ್ ಮತ್ತು ಸಂಗಡಿಗರು ಸ್ತನ ಕ್ಯಾನ್ಸರಿನ ಚಿತ್ರಗಳಿಂದ 6,642 ಬಗೆಯ ಅಳತೆಗಳನ್ನು ತೆಗೆಸಿ, ರೋಗಿ ಎಷ್ಟು ಕಾಲ ಬದುಕಬಹುದು ಎಂಬುದಕ್ಕೆ ಯಾವುದು ಸುಳಿವು ಕೊಡುತ್ತದೆ ಎಂದು ಹುಡುಕಿದರು. ನಾವೆಲ್ಲ ಕಣ್ಣು ನೆಟ್ಟು ನೋಡುವುದು ಕ್ಯಾನ್ಸರ್ ಕೋಶಗಳನ್ನು. ಅಲ್ಲಿ ಮೇಲೆದ್ದು ಬಂದದ್ದು ಆ ಕೋಶಗಳ ಸುತ್ತಲಿನ ನಾರಿನ ಹಂದರದ ಗುಣಗಳು. ತಲೆಮಾರುಗಳಿಂದ ಅಕ್ಕಪಕ್ಕದ ಜಾಗ ಎಂದು ದಾಟಿಹೋಗುತ್ತಿದ್ದ ಕಡೆಗೆ ಯಂತ್ರ ಬೆರಳು ತೋರಿಸಿತು.

ಈಗಿನ ಡೀಪ್ ಲರ್ನಿಂಗ್ ಪದ್ಧತಿಯಲ್ಲಿ ಏನನ್ನು ಅಳೆಯಬೇಕೆಂದೂ ಹೇಳಿಕೊಡುವುದಿಲ್ಲ. ಸಾವಿರಾರು ಸ್ಲೈಡು ಕೊಟ್ಟು, ಇದರಲ್ಲಿ ರೋಗವಿದೆ, ಇದರಲ್ಲಿಲ್ಲ ಎಂದಷ್ಟೇ ಹೇಳಿ ಬಿಡುತ್ತಾರೆ. ಯಾವ ಗುರುತನ್ನು ಹಿಡಿಯಬೇಕೆಂದು ಅದೇ ಕಂಡುಕೊಳ್ಳುತ್ತದೆ. ಇದರ ಬಲ ಗೊತ್ತಾದದ್ದು ನೆದರ್ಲೆಂಡ್ಸ್‌ನ ಸಂಶೋಧಕರು ನಡೆಸಿದ ಕ್ಯಾಮೆಲಿಯಾನ್ 16 ಎಂಬ ಸ್ಪರ್ಧೆಯಲ್ಲಿ. ಸ್ತನ ಕ್ಯಾನ್ಸರ್ ಕಂಕುಳ ಗ್ರಂಥಿಗೆ ಹರಡಿದೆಯೇ ಎಂದು ಹುಡುಕಬೇಕಿತ್ತು. 129 ಸ್ಲೈಡುಗಳ ಪರೀಕ್ಷೆ. ಹನ್ನೊಂದು ಮಂದಿ ಪೆಥಾಲಜಿಸ್ಟರನ್ನು ದಿನನಿತ್ಯದ ಕೆಲಸದ ಅವಸರ ಹೋಲುವ ಹಾಗೆ ಎರಡು ಗಂಟೆಯಷ್ಟು ಅವಧಿ ಕೊಟ್ಟು ಕೂರಿಸಿದರು. 2017ರ ಕೊನೆಗೆ ಫಲಿತಾಂಶ ಪ್ರಕಟವಾಯಿತು. ಅತ್ಯುತ್ತಮ ಕಂಪ್ಯೂಟರ್ ವಿಧಾನಗಳು ಅವರನ್ನು ಹಿಂದಿಕ್ಕಿದ್ದವು. ಅತಿ ಸಣ್ಣ ಹರಡುವಿಕೆಗಳನ್ನು ಅವಸರದ ಕಣ್ಣು ದಾಟಿಹೋಗಿತ್ತು. ಸುದ್ದಿಯಲ್ಲಿ ಬಾರದ ಇನ್ನೊಂದು ಭಾಗವೂ ಇದೆ. ಸಮಯದ ಕಟ್ಟಿಲ್ಲದೆ ಕೂತು ನೋಡಿದ ಒಬ್ಬ ಪೆಥಾಲಜಿಸ್ಟ್ ಯಂತ್ರಕ್ಕೆ ಸರಿಸಮನಾಗಿ ನಿಂತರು. ನಾನು ಇದರಿಂದ ತಿಳಿದದ್ದು, ಯಂತ್ರದ ದೊಡ್ಡ ಗುಣ ದಣಿಯದಿರುವುದು. ಸಂಜೆ ಐದಕ್ಕೆ ಬಂದ ಸ್ಲೈಡನ್ನೂ ಬೆಳಗಿನ ಮೊದಲ ಸ್ಲೈಡಿನಷ್ಟೇ ನಿಗಾ ಇಟ್ಟು ನೋಡುತ್ತದೆ. ಜನರು ಕಡಿಮೆ, ಸ್ಲೈಡು ಹೆಚ್ಚು ಇರುವ ನಮ್ಮಂಥ ಕಡೆ ಆ ಗುಣಕ್ಕೆ ಬೆಲೆ ಇದೆ.

ಎಣಿಸುವ ಕೆಲಸದಲ್ಲೂ ಅದು ಗಟ್ಟಿ. ಸ್ತನ ಕ್ಯಾನ್ಸರಿಗೆ ದರ್ಜೆ ಹಾಕುವಾಗ ಒಡೆಯುತ್ತಿರುವ ಕೋಶಗಳನ್ನು ಒಂದೊಂದಾಗಿ ಎಣಿಸಬೇಕು. ಕೋಶಗಳು ಬೆಳೆಯುವ ವೇಗ ಅಳೆಯುವ ಕಿ–67 ಬಣ್ಣದಲ್ಲಿ ನೂರಕ್ಕೆ ಎಷ್ಟು ಕೋಶ ಕಂದಾಗಿವೆ ಎಂದು ಲೆಕ್ಕ ಕೊಡಬೇಕು. ಇಬ್ಬರು ಎಣಿಸಿದರೆ ಎರಡು ಲೆಕ್ಕ ಬರುವುದು ಇಲ್ಲಿಯೇ. ಈ ಕೆಲಸವನ್ನು ನಾನು ಖುಷಿಯಿಂದ ಯಂತ್ರಕ್ಕೆ ಬಿಟ್ಟುಕೊಡುತ್ತೇನೆ.

ನಮ್ಮವರು ಬೋಟಿಗೆ ಹೋಗುತ್ತಾರೆ. ವರ್ಷಗಟ್ಟಲೆ ಗುಟ್ಕಾ. ಕೆನ್ನೆಯ ಒಳಗೆ ಬೆಳ್ಳಗೆ ಪಟ್ಟಿ ಬಂದಿದೆ, ಖಾರ ತಿಂದರೆ ಉರಿಯುತ್ತದೆ. ತುಂಡು ತೆಗೆದರೆ ದೊಡ್ಡ ರೋಗ ಹರಡುತ್ತದೆ ಎಂದು ಹೆದರಿ ಆಸ್ಪತ್ರೆಗೆ ಬರುತ್ತಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದು ಕಂಪ್ಯೂಟರಿಗೆ ತೋರಿಸಿದರೆ ಸಾಕಾಗುವುದಿಲ್ಲವೇ?
— ಬೈತ್‌ಖೋಲ್, ಕಾರವಾರ

ಸಾಕಾಗುವುದಿಲ್ಲ ತಾಯಿ. ದಯವಿಟ್ಟು ಈ ವಾರವೇ ಅವರನ್ನು ಕರೆದುಕೊಂಡು ಹೋಗಿ.

ಬಾಯಿಯ ಫೋಟೋ ನೋಡಿ ಇದು ಅನುಮಾನದ್ದು, ವೈದ್ಯರಿಗೆ ತೋರಿಸಿ ಎಂದು ಹೇಳುವ ಪ್ರಯತ್ನಗಳು ನಮ್ಮ ದೇಶದಲ್ಲಿ ನಡೆದಿವೆ, ನಡೆಯುತ್ತಿವೆ. ಜರಡಿ ಹಿಡಿಯುವುದಕ್ಕೆ ಅವು ಒಳ್ಳೆಯವು. ಫೋಟೋ ತೋರಿಸುವುದು ಮೇಲ್ಮೈಯನ್ನು. ರೋಗ ಇದೆಯೇ ಎಂಬುದು ತೀರ್ಮಾನವಾಗುವುದು ಅದರ ಕೆಳಗೆ, ಕೋಶಗಳು ತಳದ ಪೊರೆ ದಾಟಿ ಒಳಗಿಳಿದಿವೆಯೇ ಎಂಬಲ್ಲಿ. ಅದನ್ನು ತೋರಿಸುವುದು ತುಂಡು ಮಾತ್ರ. ಬಾಯಿಯಿಂದ ತೆಗೆಯುವ ತುಂಡು ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದಿರುತ್ತದೆ, ಮರಗಟ್ಟಿಸುವ ಸೂಜಿ ಕೊಟ್ಟು ತೆಗೆಯುತ್ತಾರೆ. ತುಂಡು ತೆಗೆದದ್ದಕ್ಕೆ ಹರಡಿತು ಎಂಬ ಮಾತು ಕರಾವಳಿಯಲ್ಲೂ ಘಟ್ಟದ ಮೇಲೂ ಬಹಳ ಹಬ್ಬಿದೆ. ಅದು ಹುಟ್ಟಿದ್ದು ಹೇಗೆಂದರೆ, ಜನ ತಡವಾಗಿ ಬರುತ್ತಾರೆ, ಅಷ್ಟರಲ್ಲಾಗಲೇ ಹರಡಿರುತ್ತದೆ, ದೂರು ಬಯಾಪ್ಸಿಯ ಮೇಲೆ ಬೀಳುತ್ತದೆ. ಬಾಯಿಯ ಬಿಳಿ ಪಟ್ಟಿಯ ವಿಷಯದಲ್ಲಿ ಬಯಾಪ್ಸಿಗೆ ಹೆದರಿ ಕಳೆದ ತಿಂಗಳುಗಳೇ ನಿಜವಾದ ಅಪಾಯ.

ಬಾಯಿ ಎಷ್ಟು ತೆರೆಯುತ್ತದೆ ಎಂದೂ ನೋಡಿ. ಅವರದೇ ಮೂರು ಬೆರಳು ನೆಟ್ಟಗೆ ಒಳಗೆ ಹಿಡಿಸದಿದ್ದರೆ ಒಳಚರ್ಮ ಗಡುಸಾಗುತ್ತಿದೆ ಎಂದರ್ಥ. ಇದು ತಂಬಾಕಿಲ್ಲದೆ ಬರಿಯ ಅಡಿಕೆಯಿಂದಲೂ ಬರುವ ಕಾಯಿಲೆ. ಅಡಿಕೆಯನ್ನೇ ನಂಬಿ ಬದುಕುವ ಜಿಲ್ಲೆಯಲ್ಲಿ ಇದನ್ನು ಬರೆಯುವುದು ಸುಲಭವಲ್ಲ, ಆದರೂ ಮುಚ್ಚಿಡಲಾಗದು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆ ಜಗಿಯುವುದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿದೆ. ಗುಟ್ಕಾವಂತೂ ಕರ್ನಾಟಕದಲ್ಲಿ 2013ರಿಂದ ನಿಷೇಧದಲ್ಲಿದೆ. ಈಗ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಕೈಗೆ ಬರುತ್ತದೆ.

ಮೂವತ್ತು ದಾಟಿದವರ ಬಾಯಿ, ಸ್ತನ, ಗರ್ಭಕೋಶದ ಕೊರಳಿನ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳ ಕಾರ್ಯಕ್ರಮದಲ್ಲೇ ಇದೆ. ಅವರ ಜೊತೆಗೆ ನೀವೂ ಮಾಡಿಸಿಕೊಳ್ಳಿ.

ಕೈಗಾ ಹತ್ತಿರದ ಊರು ನಮ್ಮದು. ನಮ್ಮಲ್ಲಿ ಕ್ಯಾನ್ಸರ್ ಬಂದವರ ಸ್ಲೈಡುಗಳನ್ನು ಕಂಪ್ಯೂಟರಿಗೆ ಕೊಟ್ಟರೆ ಅದು ಅಣುಸ್ಥಾವರದಿಂದ ಬಂದದ್ದೇ ಎಂದು ಹೇಳುತ್ತದೆಯೇ?
— ಕಾರವಾರ ತಾಲ್ಲೂಕು

ಹೇಳುವುದಿಲ್ಲ. ಒಬ್ಬರ ಗಂಟು ಯಾವ ಕಾರಣದಿಂದ ಬಂತು ಎಂದು ಅದರ ಸ್ಲೈಡಿನ ಮೇಲೆ ಬರೆದಿರುವುದಿಲ್ಲ. ಬೀಡಿ ಸೇದಿದವರ ಶ್ವಾಸಕೋಶದ ಕ್ಯಾನ್ಸರಿಗೂ ಸೇದದವರ ಅದೇ ಬಗೆಯ ಕ್ಯಾನ್ಸರಿಗೂ ನೋಟ ಬೇರೆ ಇರಬೇಕೆಂದಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ನೋಂದಣಿಯಿಂದ. ಒಂದು ಪ್ರದೇಶದ ಪ್ರತಿಯೊಂದು ಪ್ರಕರಣವನ್ನೂ ವಯಸ್ಸು, ಅಂಗ, ವಾಸದ ಊರು, ವೃತ್ತಿಯೊಂದಿಗೆ ವರ್ಷಗಟ್ಟಲೆ ಬರೆದಿಟ್ಟು, ಸ್ಥಾವರದಿಂದ ದೂರದ ಊರುಗಳ ಜೊತೆ ಹೋಲಿಸಬೇಕು. ಕಾರವಾರದವರು ಗೋವಾದಲ್ಲಿ, ಹುಬ್ಬಳ್ಳಿಯಲ್ಲಿ, ಮಂಗಳೂರಿನಲ್ಲಿ ಚದುರಿ ಚಿಕಿತ್ಸೆ ಪಡೆಯುವಾಗ ಆ ಲೆಕ್ಕ ಒಟ್ಟುಗೂಡುವುದು ಕಷ್ಟ. ಎಲ್ಲಿಗೆ ಹೋದರೂ ದಾಖಲೆಯಲ್ಲಿ ಸಂಬಂಧಿಕರ ವಿಳಾಸದ ಬದಲು ನಿಮ್ಮ ಊರಿನ ವಿಳಾಸವನ್ನೇ ಬರೆಸಿ. ಅದರಿಂದ ನಿಮ್ಮ ಊರಿಗೇ ಉಪಕಾರ.

ಅಣ್ಣನ ಬಯಾಪ್ಸಿಗೆ ಒಂದು ಕಡೆ ಕ್ಯಾನ್ಸರ್ ಎಂದರು, ಇನ್ನೊಂದು ಕಡೆ ಕ್ಯಾನ್ಸರಿನ ಮುಂಚಿನ ಬದಲಾವಣೆ ಎಂದರು. ಚೂರು ಒಂದೇ! ವೈದ್ಯರೇ ಹೀಗೆ ಹೇಳಿದರೆ ಯಾರನ್ನು ನಂಬುವುದು? ಮನುಷ್ಯರಿಗಿಂತ ಯಂತ್ರವೇ ವಾಸಿಯಲ್ಲವೇ?
— ಬೇಲೇಕೇರಿ

ನಿಮ್ಮ ಸಿಟ್ಟು ನ್ಯಾಯವಾದದ್ದು. ಇದು ನಮ್ಮ ವೃತ್ತಿಯ ನೋಯುವ ಜಾಗ, ಅಡಗಿಸದೆ ಹೇಳುತ್ತೇನೆ. 2015ರಲ್ಲಿ ಅಮೆರಿಕದಲ್ಲಿ 115 ಪೆಥಾಲಜಿಸ್ಟರಿಗೆ ಸ್ತನದ ಬಯಾಪ್ಸಿಗಳನ್ನು ಕೊಟ್ಟು, ಅವರ ಉತ್ತರವನ್ನು ಪರಿಣತರ ಸಮಿತಿಯ ಉತ್ತರದ ಜೊತೆ ಹೋಲಿಸಿದ ಅಧ್ಯಯನವೊಂದು ಪ್ರಕಟವಾಯಿತು. ಒಳಗೆ ನುಗ್ಗಿದ ಕ್ಯಾನ್ಸರನ್ನು ನೂರಕ್ಕೆ 96 ಸಲ ಸರಿಯಾಗಿ ಗುರುತಿಸಿದ್ದರು. ಗಡಿಯ ಮೇಲಿನ ಅಸಹಜ ಬೆಳವಣಿಗೆಯಲ್ಲಿ ಹೊಂದಿಕೆಯಾದದ್ದು ನೂರಕ್ಕೆ 48 ಸಲ ಮಾತ್ರ. ಅಂದರೆ ಎರಡು ತುದಿಗಳಲ್ಲಿ ಒಪ್ಪಂದವಿದೆ, ನಡುವೆ ಮಸುಕು. ನಿಮ್ಮ ಅಣ್ಣನ ಚೂರು ಬಿದ್ದಿರುವುದು ಬಹುಶಃ ಅಲ್ಲಿಗೇ.

ಯಂತ್ರವಾದರೂ ಆ ಮಸುಕಿನಲ್ಲಿ ದಾರಿ ತೋರಿಸುತ್ತದೆಯೇ? ಅದು ಕಲಿತದ್ದು ಯಾರಿಂದ ಎಂದು ಕೇಳಬೇಕು. ಇದು ಕ್ಯಾನ್ಸರ್, ಇದು ಅಲ್ಲ ಎಂದು ಅದಕ್ಕೆ ಗುರುತು ಹಾಕಿಕೊಟ್ಟವರು ಇದೇ ಪೆಥಾಲಜಿಸ್ಟರು. ಅವರಿಗೇ ಒಮ್ಮತವಿಲ್ಲದ ಕಡೆ ಯಂತ್ರ ಹೇಳುವುದು ಅವರಲ್ಲೊಬ್ಬರ ಅಭಿಪ್ರಾಯವನ್ನು, ಬಹಳ ಧೈರ್ಯದ ದನಿಯಲ್ಲಿ. ಪರದೆಯ ಮೇಲೆ 93 ಪರ್ಸೆಂಟ್ ಎಂದು ಮೂಡಿದರೆ ನಮಗೆ ಸುಮ್ಮನೆ ನಂಬಿಕೆ ಹುಟ್ಟುತ್ತದೆ. ನಾನು ಎಚ್ಚರದಿಂದಿರುವುದು ಅಂಥ ಸಂಖ್ಯೆಯ ಮುಂದೆಯೇ.

ಇನ್ನೊಂದು ತೊಡಕಿದೆ. ಪ್ರತಿ ಪ್ರಯೋಗಾಲಯದ ನೀಲಿಯೂ ಗುಲಾಬಿಯೂ ತುಸು ಬೇರೆ. ಬಣ್ಣದ ಕಂಪನಿ, ಅದ್ದಿದ ನಿಮಿಷಗಳು, ನೀರಿನ ಗುಣ, ಫಾರ್ಮಲಿನ್‌ನ ವಯಸ್ಸು ಎಲ್ಲವೂ ಸೇರಿ ಒಂದೊಂದು ಕಡೆಯ ಸ್ಲೈಡಿಗೆ ಒಂದೊಂದು ಛಾಯೆ. ನಮ್ಮ ಕಣ್ಣು ಅದಕ್ಕೆ ಹೊಂದಿಕೊಳ್ಳುತ್ತದೆ. ಯಂತ್ರ ಅದನ್ನೇ ಹಿಡಿದುಬಿಡುತ್ತದೆ. 2021ರಲ್ಲಿ ಶಿಕಾಗೋದ ಸಂಶೋಧಕರು ಅಮೆರಿಕದ ದೊಡ್ಡ ಕ್ಯಾನ್ಸರ್ ಸಂಗ್ರಹವೊಂದರ ಚಿತ್ರಗಳನ್ನು ಪರೀಕ್ಷಿಸಿದಾಗ, ಸ್ಲೈಡ್ ನೋಡಿಯೇ ಅದು ಯಾವ ಆಸ್ಪತ್ರೆಯಿಂದ ಬಂದದ್ದು ಎಂದು ಕಂಪ್ಯೂಟರ್ ಗುರುತಿಸಬಲ್ಲದು ಎಂದು ತಿಳಿಯಿತು, ಬಣ್ಣಗಳನ್ನು ಸರಿದೂಗಿಸಿದ ಮೇಲೂ! ಗಂಭೀರ ರೋಗಿಗಳೇ ಹೆಚ್ಚು ಬರುವ ಆಸ್ಪತ್ರೆಯ ಛಾಯೆಯನ್ನೇ ರೋಗದ ಗುರುತೆಂದು ಕಲಿತ ಯಂತ್ರ ಬೇರೆ ಕಡೆ ಎಡವುತ್ತದೆ. ನೆದರ್ಲೆಂಡ್ಸ್‌ನ ಸ್ಲೈಡುಗಳಲ್ಲಿ ಪಳಗಿದ್ದು ಮಳೆಗಾಲದ ಕಾರವಾರದ ಸ್ಲೈಡಿಗೆ ಸರಿಹೊಂದುತ್ತದೆಯೇ ಎಂದು ಇಲ್ಲಿಯೇ ಪರೀಕ್ಷಿಸದೆ ಯಾರೂ ಹೇಳಬಾರದು.

ಸದ್ಯಕ್ಕೆ ನೀವು ಮಾಡಬೇಕಾದದ್ದು: ಎರಡೂ ಕಡೆಯ ಸ್ಲೈಡು, ಮೇಣದ ಬ್ಲಾಕ್, ಎರಡೂ ವರದಿಗಳನ್ನು ಪಡೆದು ಆ ಅಂಗದ ಕ್ಯಾನ್ಸರನ್ನು ದಿನವೂ ನೋಡುವ ಕೇಂದ್ರಕ್ಕೆ ಒಯ್ಯಿರಿ. ಬೆಂಗಳೂರಿನ ಕಿದ್ವಾಯಿ ಇದೆ, ಮುಂಬೈಯ ಟಾಟಾ ಮೆಮೋರಿಯಲ್ ಇದೆ. ಬ್ಲಾಕ್ ಇದ್ದರೆ ಹೊಸ ಪದರ ಕೊಯ್ದು ಬೇರೆ ಬಣ್ಣ ಹಾಕಿ ನೋಡಬಹುದು. ಅಣ್ಣನಿಗೆ ಮತ್ತೆ ಸೂಜಿ ಚುಚ್ಚಬೇಕಾಗದು. ಬ್ಲಾಕನ್ನು ಬಿಸಿಲು ಬೀಳುವ ಕಾರಿನಲ್ಲಿ ಬಿಡಬೇಡಿ, ಮೇಣ ಕರಗುತ್ತದೆ.

ನಮ್ಮ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಎಷ್ಟು ವರ್ಷಗಳಿಂದ ಕೂಗುತ್ತಿದ್ದೇವೆ. ಈಗ ಕೆಲವರು, ಎಐ ಬಂದ ಮೇಲೆ ದೊಡ್ಡ ಆಸ್ಪತ್ರೆ ಯಾಕೆ, ಎಲ್ಲ ಕಂಪ್ಯೂಟರೇ ನೋಡುತ್ತದೆ ಎನ್ನುತ್ತಾರೆ. ನೀವೇನು ಹೇಳುತ್ತೀರಿ?
— ಗ್ರಾಮ ಪಂಚಾಯಿತಿ ಸದಸ್ಯರು, ಅಂಕೋಲಾ ತಾಲ್ಲೂಕು

ಆ ಮಾತನ್ನು ಒಪ್ಪಬೇಡಿ. 2022ರ ಜುಲೈನಲ್ಲಿ ಹೊನ್ನಾವರದಿಂದ ಉಡುಪಿ ಕಡೆಗೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ನಲ್ಲಿ ಅಪಘಾತಕ್ಕೀಡಾದದ್ದನ್ನು ನಿಮ್ಮ ಜಿಲ್ಲೆ ಮರೆತಿಲ್ಲ. (ಅದು ಬೈಂದೂರು ಕಡೆಯ ಶಿರೂರು, ಗುಡ್ಡ ಕುಸಿದದ್ದು ಅಂಕೋಲೆಯ ಶಿರೂರು. ಒಂದೇ ಹೆಸರಿನ ಎರಡು ಊರು, ಎರಡರ ನೆನಪೂ ನೋವಿನದು.) ಸ್ಲೈಡಿನ ಚಿತ್ರ ಬೆಂಗಳೂರಿಗೆ ಹೋಗಬಹುದು, ಎದೆನೋವು ಬಂದವರ ದೇಹ ಇಲ್ಲಿಯೇ ಇರುತ್ತದೆ. ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ, ತೀವ್ರ ನಿಗಾ ಘಟಕಗಳ ಜಾಗಕ್ಕೆ ಯಾವ ತಂತ್ರಾಂಶವೂ ಬರುವುದಿಲ್ಲ.

ಆದರೆ ಬೇಡಿಕೆಯ ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿಸಿ ಎಂದು ಕೇಳಿಕೊಳ್ಳುತ್ತೇನೆ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಪೆಥಾಲಜಿ ವಿಭಾಗವಿಲ್ಲದ ವೈದ್ಯಕೀಯ ಕಾಲೇಜು ಇರುವುದಿಲ್ಲ. ಇಡೀ ಜಿಲ್ಲೆಯ ಬಯಾಪ್ಸಿ ಚೂರುಗಳು ಮೊದಲು ಅಲ್ಲಿಗೆ ತಲುಪುವಂತಾಗಬೇಕು. ಅಂಕೋಲೆ, ಕುಮಟಾ, ಹೊನ್ನಾವರ, ಯಲ್ಲಾಪುರದ ತಾಲ್ಲೂಕು ಆಸ್ಪತ್ರೆಗಳಿಗೆ ಅಳತೆ ಮಾಡಿ ತುಂಬಿದ ಫಾರ್ಮಲಿನ್ ಬಾಟಲಿ, ದಿನಕ್ಕೊಮ್ಮೆ ಅವುಗಳನ್ನು ಒಟ್ಟು ಮಾಡುವ ಒಂದು ವಾಹನ, ಕಾಲೇಜಿನಲ್ಲಿ ಸಾಕಷ್ಟು ಹಿಸ್ಟೋಪೆಥಾಲಜಿ ತಂತ್ರಜ್ಞರು, ಇಮ್ಯುನೋ ಬಣ್ಣಗಳ (ಮೇಲೆ ಹೇಳಿದ ಸ್ಪೆಷಲ್ ಸ್ಟೇನ್) ಸೌಲಭ್ಯ. ಇಷ್ಟಾದ ಮೇಲೆ ಒಂದು ಸ್ಲೈಡ್ ಸ್ಕ್ಯಾನರ್, ಜೊತೆಗೆ ಗಟ್ಟಿ ಇಂಟರ್ನೆಟ್. ಒಂದು ಸ್ಲೈಡಿನ ಫೈಲು ಒಂದು ಜಿಬಿ ಮುಟ್ಟಿದರೂ ಆಶ್ಚರ್ಯವಿಲ್ಲ. ಆಗ ಕಷ್ಟದ ಪ್ರಕರಣ ಬಂದ ದಿನವೇ ಕಾರವಾರದ ವೈದ್ಯರೂ ಬೆಂಗಳೂರಿನ ಪರಿಣತರೂ ಒಂದೇ ಚಿತ್ರವನ್ನು ನೋಡುತ್ತಾ ಮಾತಾಡಬಹುದು. ಗುಡ್ಡ ಕುಸಿದರೂ ಚಿತ್ರ ತಲುಪುತ್ತದೆ. ಅನುಮಾನದ ಜಾಗಕ್ಕೆ ಗುರುತು ಹಾಕುವ ತಂತ್ರಾಂಶವನ್ನು ಇದರ ಮೇಲೆ ಸೇರಿಸಿದರೆ ಲಾಭವಿದೆ. ತಂತ್ರಾಂಶವನ್ನೇ ಮೊದಲು ತಂದು ಉದ್ಘಾಟನೆ ಮಾಡಿ, ಚೂರು ಕೊಯ್ಯಲು ಜನರಿಲ್ಲ ಎಂದರೆ ಪರದೆ ಖಾಲಿ ಉಳಿಯುತ್ತದೆ.

ಈ ಕೆಲಸ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಬೆಂಗಳೂರಿನಲ್ಲಿ 2015ರಲ್ಲಿ ಶುರುವಾದ ಸಿಗ್‌ಟಪಲ್ ಕಂಪನಿ ರಕ್ತದ ಸ್ಮಿಯರನ್ನು ತಾನೇ ಚಿತ್ರ ತೆಗೆದು ಕೋಶಗಳನ್ನು ವಿಂಗಡಿಸುವ ಸೂಕ್ಷ್ಮದರ್ಶಕ ಮಾಡಿದೆ. ಅಂತಿಮ ಮಾತು ದೂರದಲ್ಲಿ ಕೂತ ವೈದ್ಯರದೇ. ರಕ್ತದಲ್ಲಿ ಕೋಶಗಳು ಬಿಡಿಬಿಡಿಯಾಗಿರುವುದರಿಂದ ಅಲ್ಲಿ ಕೆಲಸ ಸ್ವಲ್ಪ ಸುಲಭ. ಅಂಗಾಂಶದಲ್ಲಿ ಕೋಶಗಳು ಒತ್ತೊತ್ತಾಗಿ ಹೆಣೆದುಕೊಂಡಿರುತ್ತವೆ, ಅಲ್ಲಿ ದಾರಿ ಇನ್ನೂ ಉದ್ದವಿದೆ.

ಕಂಪ್ಯೂಟರ್ ತಪ್ಪು ಹೇಳಿ ರೋಗಿಗೆ ತೊಂದರೆಯಾದರೆ ಹೊಣೆ ಯಾರದು? ನಮ್ಮ ಸ್ಲೈಡಿನ ಚಿತ್ರವನ್ನು ಕಂಪನಿಗಳಿಗೆ ಕೊಡುವ ಮೊದಲು ನಮ್ಮನ್ನು ಕೇಳಬೇಕಲ್ಲವೇ?
— ಯುವ ವಕೀಲರು, ಕಾರವಾರ

ಪ್ರಯೋಗಾಲಯದ ವರದಿಗೆ ಪೆಥಾಲಜಿಯಲ್ಲಿ ಸ್ನಾತಕೋತ್ತರ ಅರ್ಹತೆ ಇರುವ ನೋಂದಾಯಿತ ವೈದ್ಯರೇ ಸಹಿ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಹೇಳಿದೆ. ಯಂತ್ರ ಸಹಿ ಹಾಕುವುದಿಲ್ಲ, ಹಾಗಾಗಿ ವರದಿಯ ಹೊಣೆ ಸಹಿ ಹಾಕಿದವರದು. ಅಮೆರಿಕದ ಎಫ್‌ಡಿಎ 2021ರ ಸೆಪ್ಟೆಂಬರಿನಲ್ಲಿ ಪ್ರಾಸ್ಟೇಟ್ ಬಯಾಪ್ಸಿಗೆಂದು ಮೊದಲ ಬಾರಿಗೆ ಇಂಥ ತಂತ್ರಾಂಶಕ್ಕೆ ಅನುಮತಿ ಕೊಟ್ಟಾಗಲೂ ಅದು ಪೆಥಾಲಜಿಸ್ಟರ ನೆರವಿಗೆ ಎಂದೇ ಕೊಟ್ಟಿತು. ಒಪ್ಪಿಗೆಯ ವಿಷಯದಲ್ಲಿ ನೀವು ಕೇಳಿದ್ದು ಸರಿ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಹೊರಡಿಸಿದ ಎಐ ನೀತಿಸೂತ್ರಗಳು ರೋಗಿಯ ಒಪ್ಪಿಗೆಗೂ ಗೋಪ್ಯತೆಗೂ ಒತ್ತು ಕೊಡುತ್ತವೆ. ಆಸ್ಪತ್ರೆಗೆ ಸೇರುವ ಗಡಿಬಿಡಿಯಲ್ಲಿ ಹತ್ತು ಕಾಗದಗಳ ನಡುವೆ ಹಾಕಿಸಿಕೊಳ್ಳುವ ಸಹಿ ನನ್ನ ಮಟ್ಟಿಗೆ ಒಪ್ಪಿಗೆಯಲ್ಲ. ಅದನ್ನು ಕನ್ನಡದಲ್ಲೂ ಕೊಂಕಣಿಯಲ್ಲೂ ಬಾಯಿಮಾತಿನಲ್ಲಿ ವಿವರಿಸಿ ಕೇಳಬೇಕು, ಬೇಡ ಎಂದವರ ಚಿಕಿತ್ಸೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಾಗಬಾರದು.

ಡಿಎಂಎಲ್‌ಟಿ (ಪ್ರಯೋಗಾಲಯ ತಂತ್ರಜ್ಞರ ಡಿಪ್ಲೊಮಾ) ಓದುತ್ತಿದ್ದೇನೆ. ಈ ಯಂತ್ರಗಳು ಬಂದರೆ ನಮಗೆ ಕೆಲಸ ಉಳಿಯುತ್ತದೆಯೇ? ನಾನು ಈಗಿಂದಲೇ ಏನು ಕಲಿಯಬೇಕು?
— ವಿದ್ಯಾರ್ಥಿನಿ, ಸದಾಶಿವಗಡ

ಉಳಿಯುತ್ತದೆ, ಇನ್ನೂ ಹೆಚ್ಚು ಬೇಕಾಗುತ್ತೀರಿ. ಮಡಚಿದ ಪದರ, ಗಾಳಿಗುಳ್ಳೆ, ಮೈಕ್ರೋಟೋಮ್ ಬ್ಲೇಡಿನ ಗೀರು ಇವುಗಳನ್ನೆಲ್ಲ ನಮ್ಮ ಕಣ್ಣು ಬಿಟ್ಟು ನೋಡುತ್ತದೆ. ಯಂತ್ರಕ್ಕೆ ಅದು ಅಷ್ಟು ಸಲೀಸಲ್ಲ, ಮಡಚಿದ ಜಾಗದ ಗಾಢ ನೀಲಿಯನ್ನು ಕ್ಯಾನ್ಸರಿನ ಗುಂಪೆಂದು ಓದಿದರೂ ಓದೀತು. ಆದ್ದರಿಂದ ಮೊದಲು ಕಲಿಯಬೇಕಾದದ್ದು ಒಳ್ಳೆಯ ಪದರ ಕೊಯ್ಯುವುದು, ಪ್ರತಿದಿನವೂ ಒಂದೇ ಹದದ ಬಣ್ಣ ಬರಿಸುವುದು.

ಅದರ ಜೊತೆಗೆ ಚಿತ್ರ ಅಳೆಯುವುದನ್ನೂ ಕಲಿಯಿರಿ, ದುಡ್ಡು ಬೇಕಿಲ್ಲ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಬ್ಯಾಂಕ್‌ಹೆಡ್ ಮತ್ತು ಸಂಗಡಿಗರು ಮಾಡಿದ ಕ್ಯೂಪಾತ್ ಎಂಬ ತಂತ್ರಾಂಶ ಎಲ್ಲರಿಗೂ ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಅಭ್ಯಾಸಕ್ಕೆಂದು ಹೆಸರು ಅಳಿಸಿದ ಸ್ಲೈಡ್ ಚಿತ್ರಗಳೂ ಉಚಿತವಾಗಿ ಸಿಗುತ್ತವೆ. ಕಿ–67 ಬಣ್ಣದ ಒಂದು ಚಿತ್ರ ತೆರೆದು, ನೂರು ನ್ಯೂಕ್ಲಿಯಸ್ ಇರುವ ಒಂದು ಜಾಗಕ್ಕೆ ಗೆರೆ ಹಾಕಿ, ಎಷ್ಟು ಕಂದು, ಎಷ್ಟು ನೀಲಿ ಎಂದು ಮೊದಲು ನೀವೇ ಎಣಿಸಿ ಬರೆದಿಟ್ಟುಕೊಳ್ಳಿ. ಆಮೇಲೆ ಕ್ಯೂಪಾತ್‌ನಿಂದ ಎಣಿಸಿ. ಲೆಕ್ಕ ತಾಳೆಯಾಗದ ನ್ಯೂಕ್ಲಿಯಸ್‌ಗಳ ಪಟ್ಟಿ ಮಾಡಿ, ನಿಮಗೆ ಕಲಿಸುವ ಪೆಥಾಲಜಿಸ್ಟರ ಪಕ್ಕ ಕೂತು ಒಂದೊಂದನ್ನೂ ತೋರಿಸಿ ಕೇಳಿ.